ಮೂರನೇ ಪ್ಯಾರಾ

ಕಾಲೇಜಿನ ಎದುರಿಗೆ ಮೂರಂತಸ್ತಿನ ಒಂದು ಕಟ್ಟಡವಿತ್ತು. ಅದರ ಮೆಟ್ಟಿಲಿರುವುದು ಹತ್ತಿ ಇಳಿಯಲಿಕ್ಕೆ ಎಂದು ಮೇಲಿನ ಮನೆಗಳವರು ತಿಳಿದುಕೊಂಡಿದ್ದರು. ಅರ್ಜಿಯಕ್ಕನಿಗೆ ಮಾತ್ರ ಅದು ಸೂರು. ನಿಂತರೆ ಹತ್ತನೇ ಮೆಟ್ಟಿಲು ತಲೆಗೆ ಬಡಿಯುವ, ಕೂತರೆ ಏನೂ ಬಡಿಯದ ಆ ಮೂಲೆಯಲ್ಲಿ ಅವಳು ಇಪ್ಪತ್ತೆಂಟು ವರ್ಷ ಕೂತೇ ಇದ್ದಳು. ಮೊದಲು ಅವಳ ಮುಂದೆ ಟೈಪ್‌ರೈಟರ್ ಇತ್ತು, ಆಮೇಲೆ ಒಂದು ಕಂಪ್ಯೂಟರೂ ಹಾಳೆಗೊಮ್ಮೆ ಕೆಮ್ಮುವ ಪ್ರಿಂಟರೂ ಬಂದವು. ಬದಲಾಗದೆ ಉಳಿದದ್ದು ಎರಡೇ: ಗಿರಾಕಿ ಕೂರುವ ಕಬ್ಬಿಣದ ಸ್ಟೂಲು ಮತ್ತು ಅಕ್ಕನ ನಾಲಿಗೆ.

ಡಿಗ್ರಿ ಮುಗಿಸಿ ಕೆಲಸ ಹುಡುಕುವವರೆಲ್ಲ ಬಯೋಡೇಟಾ, ಕವರಿಂಗ್ ಲೆಟರ್ ಬರೆಸಲು ಆ ಸ್ಟೂಲಿಗೇ ಬರುತ್ತಿದ್ದರಿಂದ ಊರಿಗೆ ಊರೇ ಅವಳನ್ನು ಅರ್ಜಿಯಕ್ಕ ಎನ್ನುತ್ತಿತ್ತು. ಹೆತ್ತ ತಾಯಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು, ಅಂದರೆ ದಿನವೂ ಕರೆಯುತ್ತಿದ್ದಳು.

ಬರುವವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಗೆಳೆಯನದ್ದನ್ನೋ ಭಾವನದ್ದನ್ನೋ ನೋಡಿ ಬರೆದ ಒಂದು ಹಾಳೆ ಕೈಯಲ್ಲಿರುತ್ತಿತ್ತು. ಅದರ ಮೊದಲ ಸಾಲಿನಲ್ಲೇ ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಂದಿಗೂ ಬೆರೆಯುವ ಸ್ವಭಾವ ಎಂದಿರುತ್ತಿತ್ತು. ಅಕ್ಕ ಕಿವಿಯ ಮೇಲಿಂದ ಕೆಂಪು ಪೆನ್ಸಿಲ್ ತೆಗೆಯುತ್ತಿದ್ದಳು.

"ಶ್ರಮಜೀವಿ ಅಂತ ಯಾರು ಹೇಳಿದ್ದು?"

"ನಾನೇ ಅಕ್ಕ."

"ನಿಮ್ಮಮ್ಮ ಹೇಳ್ತಾರಾ?"

ಗಿರಾಕಿ ಪ್ರಿಂಟರಿನ ಕಡೆ ನೋಡುತ್ತಿದ್ದ. ಪೆನ್ಸಿಲ್ ಆ ಸಾಲಿನ ಮೇಲೆ ಆಚೆಯಿಂದ ಈಚೆಗೆ ಒಮ್ಮೆ ಹೋಗಿ ಬರುತ್ತಿತ್ತು. ಸಾಲಿಗೊಂದು ಸಾಕ್ಷಿ ಬೇಕು, ಸಾಕ್ಷಿಯಿಲ್ಲದ ಹೊಗಳಿಕೆ ಕಾಗದಕ್ಕೆ ಭಾರ ಎನ್ನುವುದು ಅಕ್ಕನ ಕಾಯಿದೆ. ಬಯೋಡೇಟಾ ಎರಡು ಪುಟ ದಾಟುವಂತಿಲ್ಲ. ಮೊನ್ನೆ ಮಾಡಿದ್ದು ಮೇಲೆ, ಹೈಸ್ಕೂಲಿನಲ್ಲಿ ಮಾಡಿದ್ದು ಕೆಳಗೆ. ಒಂದು ಕಂಪನಿಗೆ ಬರೆದ ಪತ್ರವನ್ನು ಹೆಸರು ತಿದ್ದಿ ಇನ್ನೊಂದಕ್ಕೆ ಕಳಿಸುತ್ತೇನೆಂದವರಿಗೆ ಅವಳ ಬಾಯಲ್ಲಿ ಆಗುತ್ತಿದ್ದ ಮಂಗಳಾರತಿಯನ್ನು ಎರಡನೇ ಅಂತಸ್ತಿನವರು ಬಾಗಿಲು ಹಾಕಿಕೊಂಡು ಕೇಳಬೇಕಾಗುತ್ತಿತ್ತು.

ಬರೆಯುವ ಮೊದಲು ಅವಳು ಮೂರು ಪ್ರಶ್ನೆ ಕೇಳುತ್ತಿದ್ದಳು. ನೀನು ಒಂದು ವಾರ ಮನೆಯಲ್ಲಿಲ್ಲದಿದ್ದರೆ ಯಾವ ಕೆಲಸ ಕೆಡುತ್ತದೆ? ಕೆಲಸ ಕೊಡುವವರಿಗೆ ಎಂಥವರು ಬೇಕು ಎಂದು ಜಾಹೀರಾತಿನಲ್ಲಿ ಬರೆದಿದೆ, ಓದಿದ್ದೀಯಾ? ನಿನ್ನಲ್ಲಿರುವ ಒಂದು ಐಬು ಏನು?

ಮೊದಲ ಪ್ರಶ್ನೆಗೆ ಹತ್ತರಲ್ಲಿ ಎಂಟು ಜನ ಏನೂ ಕೆಡುವುದಿಲ್ಲ ಎಂದೇ ಹೇಳುತ್ತಿದ್ದರು. ಒಬ್ಬ ಹುಡುಗಿಯೂ ಹಾಗೆಯೇ ಅಂದಳು. ಅಕ್ಕ ಬಿಡದೆ ಕೆದಕಿದಾಗ, ಅವರ ವಠಾರದ ಇಪ್ಪತ್ತು ಮನೆಯವರೂ ಹೊರಗೆ ಹೋಗುವಾಗ ಬೀಗದ ಕೈ ಆ ಹುಡುಗಿಯ ಕೈಯಲ್ಲಿ ಕೊಟ್ಟು ಹೋಗುತ್ತಾರೆ ಎನ್ನುವುದು ಹೊರಬಿತ್ತು. "ಇಪ್ಪತ್ತು ಮನೆಗಳ ಕೀಲಿ ಐದು ವರ್ಷ ಕಾದಿದ್ದೇನೆ. ಒಂದೂ ಕಳೆದಿಲ್ಲ, ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಿಲ್ಲ" ಎಂದು ಅಕ್ಕ ಬರೆದಳು. ಬ್ಯಾಂಕಿನವರು ಹುಡುಗಿಯನ್ನು ಆ ವಾರವೇ ಕರೆದುಕೊಂಡರು. ಇನ್ನೊಬ್ಬ ತಾನಿಲ್ಲದಿದ್ದರೆ ಮನೆಯಲ್ಲಿ ಜಗಳ ನಿಲ್ಲುತ್ತದೆ ಎಂದ. ಅಕ್ಕ ಅದನ್ನೂ ಇದ್ದ ಹಾಗೇ ಬರೆದಳು. ಅವನನ್ನು ಒಂದು ವಿಮಾ ಕಂಪನಿಯ ದೂರು ವಿಭಾಗದವರು ಎರಡು ಕೈಯಲ್ಲಿ ಬಾಚಿಕೊಂಡರು.

ಆದರೆ ಅಕ್ಕನ ಪತ್ರಕ್ಕೆ ಬೆನ್ನೆಲುಬು ಅದರ ಮೂರನೇ ಪ್ಯಾರಾ. ಅಲ್ಲಿ ಅಭ್ಯರ್ಥಿ ತನ್ನ ಐಬನ್ನು ತಾನೇ ಒಪ್ಪಿಕೊಳ್ಳಬೇಕು. ಐಬಿಲ್ಲದ ಅರ್ಜಿ ಕಂಡರೆ ಓದುವವರಿಗೆ ಅನುಮಾನ ಬರುತ್ತದೆ ಎನ್ನುತ್ತಿದ್ದಳು ಅವಳು. ಅದೂ ನಿಜವಾದ ಐಬೇ ಆಗಬೇಕು. "ನಾನು ಅತಿಯಾಗಿ ದುಡಿಯುತ್ತೇನೆ, ಅದೇ ನನ್ನ ಐಬು" ಎಂದವರನ್ನು ನಿಜವಾದ ಐಬು ಹೊರಬೀಳುವವರೆಗೆ ಸ್ಟೂಲಿನಿಂದ ಏಳಲು ಬಿಡುತ್ತಿರಲಿಲ್ಲ. ಹೀಗಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಊರಿನ ಬ್ಯಾಂಕು, ಆಸ್ಪತ್ರೆ, ಕಚೇರಿಗಳಲ್ಲಿ ಕೂತ ದೊಡ್ಡ ಮನುಷ್ಯರದ್ದೆಲ್ಲ ಒಂದೊಂದು ಐಬು ಅವಳಿಗೆ ಗೊತ್ತಿತ್ತು. ತಾಯಿ ಎಷ್ಟು ಗೋಗರೆದರೂ ಒಂದನ್ನೂ ಬಾಯಿ ಬಿಟ್ಟವಳಲ್ಲ.

ಎದುರಿನ ಕಾಲೇಜಿನ ಪ್ರಿನ್ಸಿಪಾಲರೂ ಆ ಸ್ಟೂಲಿನ ಮೇಲೆ ಕೂತು ಹೋದವರೇ. ಹತ್ತೊಂಬತ್ತು ವರ್ಷದ ಹಿಂದೆ ಅವರು ಬಡಕಲು ದೇಹದ, ಕೆಲಸವಿಲ್ಲದ ಪದವೀಧರ. ಐಬು ಹೇಳಲು ಮೂರು ದಿನ ತೆಗೆದುಕೊಂಡರು. ಕೊನೆಗೆ ಅಕ್ಕ ಟೈಪ್ ಮಾಡಿದ್ದು ಇದು: "ಕಷ್ಟದ ತೀರ್ಮಾನ ಮಾಡಬೇಕಾಗಿ ಬಂದಾಗ ನಾನು ಪಕ್ಕದವರ ಮುಖ ನೋಡುತ್ತೇನೆ. ಇದನ್ನು ತಿದ್ದಿಕೊಳ್ಳುತ್ತಿದ್ದೇನೆ."

ಹೀಗೆ ಎಲ್ಲವೂ ನೆಟ್ಟಗೆ ನಡೆಯುತ್ತಿರುವಾಗ ಮೇಲಿನ ಮನೆಗಳವರಿಗೆ ಮಂಡಿನೋವು ಶುರುವಾಯಿತು. ಕಟ್ಟಡಕ್ಕೆ ಲಿಫ್ಟ್ ಹಾಕಿಸುವುದೆಂದು ತೀರ್ಮಾನವಾಯಿತು. ಲಿಫ್ಟ್ ಬರಬೇಕಾದ ಜಾಗ ಯಾವುದೆಂದು ಹೇಳಬೇಕಾಗಿಯೇ ಇಲ್ಲ. ಕಟ್ಟಡದ ಯಜಮಾನರು ಒಳ್ಳೆಯವರು, ಕಣ್ಣಲ್ಲಿ ನೀರು ತಂದುಕೊಂಡೇ ತಿಂಗಳ ಕೊನೆಗೆ ಜಾಗ ಬಿಡಬೇಕು ಎಂದರು. ಅಕ್ಕ ಆ ಬೀದಿಯ ಅಂಗಡಿಗಳನ್ನೆಲ್ಲ ಸುತ್ತಿ ಬಂದಳು. ಒಂದು ಮೇಜು, ಒಂದು ಸ್ಟೂಲು ಹಿಡಿಸುವ ಮೂಲೆ ಯಾರ ಹತ್ತಿರವೂ ಇರಲಿಲ್ಲ.

ಅಕ್ಕನ ಮನೆ ಕಾಲೇಜಿನ ಹಿಂದಿನ ಗಲ್ಲಿಯಲ್ಲಿತ್ತು. ಎರಡು ಕೋಣೆ, ಬೀದಿಗೆ ತೆರೆಯುವ ಒಂದು ದೊಡ್ಡ ಕಿಟಕಿ. ಆ ಕಿಟಕಿಯ ಪಕ್ಕದ ಕುರ್ಚಿ ತಾಯಿಯದು. ಎಪ್ಪತ್ತೆಂಟು ವರ್ಷದ ಆ ಮುದುಕಿ ಪತ್ರಿಕೆಯನ್ನು ಹೆಸರಿನಿಂದ ಹಿಡಿದು ಮುದ್ರಕರ ವಿಳಾಸದವರೆಗೆ ಒಂದಕ್ಷರ ಬಿಡದೆ ಓದುತ್ತಿದ್ದಳು, ಆಮೇಲೆ ಇದರಲ್ಲಿ ಓದುವಂಥದ್ದೇನೂ ಇಲ್ಲ ಎಂದು ಮೂಗು ಮುರಿಯುತ್ತಿದ್ದಳು. ಒಂದು ಬೆಳಿಗ್ಗೆ ಮಾತ್ರ ಮೂಗು ಮುರಿಯಲಿಲ್ಲ.

"ಲೇ, ಇಲ್ಲಿ ನೋಡೇ. ನಿನ್ನ ಕೆಲಸ ಪೇಪರಲ್ಲಿ ಬಂದಿದೆ."

ನಿಜಕ್ಕೂ ಬಂದಿತ್ತು. ಕಾಲೇಜಿಗೆ ಒಬ್ಬ ಉದ್ಯೋಗ ಮಾರ್ಗದರ್ಶಿ ಬೇಕಾಗಿದ್ದಾರೆ. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಬಯೋಡೇಟಾ, ಕವರಿಂಗ್ ಲೆಟರ್ ಬರೆಯಲು ಕಲಿಸಬೇಕು. ಯಾವುದೇ ಪದವಿ ಸಾಕು, ವಯಸ್ಸಿನ ಮಿತಿಯಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು: ಅರ್ಜಿಯನ್ನು ಅಭ್ಯರ್ಥಿಯೇ ಸ್ವಂತ ಮಾತುಗಳಲ್ಲಿ ಬರೆದಿರತಕ್ಕದ್ದು, ಇಲ್ಲವಾದಲ್ಲಿ ತಿರಸ್ಕರಿಸಲಾಗುವುದು.

ಅಕ್ಕನಿಗೆ ಆ ಕೆಲಸ ಬೇಕಿತ್ತು. ಬೇಕೇ ಬೇಕಿತ್ತು. ಮೂಲೆ ಹೋಗುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೆಂಟು ವರ್ಷ ಬಗ್ಗಿ ಕೂತವಳಿಗೆ ಒಂದು ಸಲವಾದರೂ ತಲೆಯ ಮೇಲೆ ಮೆಟ್ಟಿಲಿಲ್ಲದ ಕೋಣೆಯಲ್ಲಿ, ಕರಿಹಲಗೆಯ ಮುಂದೆ ನೆಟ್ಟಗೆ ನಿಂತು ಪಾಠ ಹೇಳಬೇಕೆಂಬ ಆಸೆ. ಆ ದಿನ ಅವಳು ಬೀದಿಯಲ್ಲಿ ನಡೆಯುವಾಗ ತನ್ನಷ್ಟಕ್ಕೆ ನಕ್ಕಳು.

ನಗು ಮೆಟ್ಟಿಲಿನವರೆಗೂ ಉಳಿಯಲಿಲ್ಲ. ಸ್ಟೂಲಿನ ಮೇಲೆ ಆಗಲೇ ಲಂಬು ಕೂತಿದ್ದ. ಆರಡಿ ಮೂರಂಗುಲದ ಪದವೀಧರ ಅವನು, ಅಲ್ಲಿ ಕೂತರೆ ಮಂಡಿ ಗಲ್ಲಕ್ಕೆ ಬರುತ್ತಿತ್ತು. ಹಿಂದೆ ನಾಲ್ಕು ಸಲ ಅರ್ಜಿ ಬರೆಸಿದ್ದ, ನಾಲ್ಕು ಸಲವೂ ಏಳುವಾಗ ಮೆಟ್ಟಿಲಿಗೆ ತಲೆ ಬಡಿಸಿಕೊಂಡಿದ್ದ.

"ಅಕ್ಕ, ಕಾಲೇಜಲ್ಲಿ ಮಾರ್ಗದರ್ಶಿ ಕೆಲಸ ಕರ್ದಿದಾರೆ. ಒಂದು ಫಸ್ಟ್ ಕ್ಲಾಸ್ ಲೆಟರ್ ಬರ್ಕೊಡಿ."

ಅಕ್ಕ ಕೈಚೀಲ ಕೆಳಗಿಟ್ಟಳು. "ಸ್ವಂತ ಮಾತಲ್ಲಿ ಬರೀಬೇಕು ಅಂತ ಹಾಕಿದಾರಲ್ಲೋ."

"ಹೇಳೋನು ನಾನು, ಬರೆಯೋರು ನೀವು. ಮಾತು ನಂದೇ ಆಯ್ತಲ್ಲ?"

ಆಗಲ್ಲ ಎನ್ನಬೇಕಿತ್ತು. ಅದು ನನಗೆ ಬೇಕಾದ ಕೆಲಸ ಕಣೋ ಎನ್ನಬೇಕಿತ್ತು. ಅಕ್ಕ ಬಾಯಿ ತೆರೆದಳು. ಆ ಮಾತು ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಟ್ಟಿತು. ಹೊರಗೆ ಬಂದದ್ದು ಬೇರೆಯೇ: "ನೀನಿಲ್ಲದಿದ್ರೆ ಮನೇಲಿ ಏನು ಕೆಡುತ್ತೆ, ಹೇಳು."

ಲಂಬುವಿನ ಐಬು ಸುಲಭವಾಗಿ ಸಿಕ್ಕಿತು: "ಒಮ್ಮೆ ಹೇಳಿದ ಎಚ್ಚರಿಕೆ ನನಗೆ ಸಾಲುವುದಿಲ್ಲ." ಅವನು ಖುಷಿಯಿಂದ ಎದ್ದು, ತಲೆ ಬಡಿಸಿಕೊಂಡು, ನೇರ ಕಾಲೇಜಿಗೆ ಹೋಗಿ ಅರ್ಜಿ ಕೊಟ್ಟ. ಅದಕ್ಕೆ ಒಂದನೇ ನಂಬರಿನ ಮೊಹರು ಬಿತ್ತು.

ಆಮೇಲೆ ಬಂದವರಿಗೆ ಲೆಕ್ಕವಿಲ್ಲ ಎನ್ನುವಂತಿಲ್ಲ, ಲೆಕ್ಕವಿದೆ. ಹನ್ನೊಂದು ದಿನದಲ್ಲಿ ಲಂಬುವೂ ಸೇರಿ ನಲವತ್ತು ಜನ. ಟ್ಯೂಷನ್ ಹೇಳುವವರು ಬಂದರು, ಕೆಲಸ ಬಿಟ್ಟವರು ಬಂದರು, ಕಾಲೇಜಿನ ಕಚೇರಿಯ ಗುಮಾಸ್ತ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮುಖ ಮುಚ್ಚಿಕೊಂಡು ಬಂದ. ಕಟ್ಟಡದ ಯಜಮಾನರ ಅಳಿಯ ಬಂದ. ಲಿಫ್ಟಿನ ಅಳತೆ ತೆಗೆಯಲು ಬಂದ ಮೇಸ್ತ್ರಿ ಟೇಪನ್ನು ಗೋಡೆಗೆ ಹಿಡಿದವನು ಹಾಗೇ ಸ್ಟೂಲಿನ ಮೇಲೆ ಕೂತ. ಅವನಿಗೂ ಒಂದು ಡಿಗ್ರಿ ಇತ್ತು. "ನನ್ನ ಅಳತೆ ಅರ್ಧ ಅಂಗುಲವೂ ತಪ್ಪಿದ್ದಿಲ್ಲ" ಎಂದು ಅಕ್ಕ ಅವನಿಗೆ ಬರೆದುಕೊಟ್ಟಳು, ಸಾಕ್ಷಿಗೆ ತಾನು ಕೂತಿದ್ದ ಮೂಲೆಯ ಉದ್ದಗಲವನ್ನೇ ಹಾಕಿದಳು.

ಹುಚ್ಚೆಂದರೆ ಇದಲ್ಲ. ಪ್ರತಿಸ್ಪರ್ಧಿಗಳಿಗೆ ಬರೆಯುವುದಾದರೆ ಕೈ ಬಿಗಿಹಿಡಿದು ಬರೆಯಬೇಕೋ ಬೇಡವೋ? ಅಕ್ಕ ಹಾಗೆ ಮಾಡುವವಳೇ ಅಲ್ಲ. ಹದಿನೇಳನೆಯವನ ಪತ್ರ ಸಪ್ಪೆಯಾಯಿತೆಂದು ಅವಳಿಗೆ ಊಟ ಸೇರಲಿಲ್ಲ. ಮರುದಿನ ಅವನನ್ನು ಬಸ್ ನಿಲ್ದಾಣದಿಂದ ಕರೆಸಿ, ಎರಡು ತಾಸು ಕೆದಕಿ, ಹೊಸದಾಗಿ ಬರೆದು ಕಳಿಸಿದಳು. ಒಂದು ಪತ್ರದಂತೆ ಇನ್ನೊಂದಿರಲಿಲ್ಲ. ಪ್ರತಿಯೊಂದರಲ್ಲೂ ಒಬ್ಬ ಮನುಷ್ಯ ಕಣ್ಣಿಗೆ ಕಟ್ಟುತ್ತಿದ್ದ. ಮೂರನೇ ಪ್ಯಾರಾದಲ್ಲಿ ಮಾತ್ರ ಎಲ್ಲರೂ ತಪ್ಪದೆ ಒಂದೊಂದು ಐಬು ಒಪ್ಪಿಕೊಂಡಿದ್ದರು.

"ನಿನಗೇನು ತಲೆ ನೆಟ್ಟಗಿದೆಯಾ?" ಎಂದಳು ತಾಯಿ. "ನಲವತ್ತು ಜನರನ್ನ ನಿನ್ನ ಮೇಲೆ ನೀನೇ ಛೂ ಬಿಟ್ಕೊಂಡಿದೀಯಲ್ಲ!"

"ಬಂದು ಕೂತವರನ್ನ ಏಳು ಅನ್ನೋದು ಹೇಗಮ್ಮ?"

"ಏಳು ಅಂತಲೇ ಅನ್ನೋದು. ಎರಡಕ್ಷರ."

ಕೊನೆಯ ದಿನ ಬಂದರೂ ಅಕ್ಕನ ಅರ್ಜಿ ಬರೆದಾಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ಬೆರಳು ಓಡುತ್ತಿರಲಿಲ್ಲ, ಏಕೆಂದರೆ ಎದುರಿನ ಸ್ಟೂಲು ಖಾಲಿ. ಅದರ ಮೇಲೆ ಯಾರೂ ಇಲ್ಲದೆ ಅವಳಿಗೆ ಬರೆಯಲು ಬರುತ್ತಿರಲಿಲ್ಲ. ತಾನೇ ಅಲ್ಲಿ ಕೂತು ನೋಡಿದಳು, ಆಗ ಈಚೆಯ ಕುರ್ಚಿ ಖಾಲಿಯಾಯಿತು. ಹೀಗೆ ನಾಲ್ಕು ಸಲ ಎದ್ದು ಕೂತು ಮಾಡಿ, ಕೊನೆಗೆ ಸ್ಟೂಲನ್ನು ಎತ್ತಿಕೊಂಡು ಮನೆಗೆ ಬಂದಳು. ಅದನ್ನು ಕಿಟಕಿಯ ಪಕ್ಕದಲ್ಲಿಟ್ಟು ಕೂತಳು.

"ಅಮ್ಮ, ನನ್ನ ಮೂರು ಪ್ರಶ್ನೆ ಕೇಳು."

ತಾಯಿ ಪತ್ರಿಕೆ ಮಡಿಸಿಟ್ಟಳು. "ನೀನು ಒಂದು ವಾರ ಇಲ್ಲದಿದ್ರೆ ಈ ಮನೇಲಿ ಏನು ಕೆಡುತ್ತೆ? ಏನೂ ಕೆಡಲ್ಲ. ಅಡುಗೆ ನಾನೇ ಮಾಡೋದು. ಮುಂದಿನದು ಏನು?"

"ಜಾಹೀರಾತು ಓದಿದೀಯಾ ಅಂತ."

"ನಾನೇ ಓದಿ ಹೇಳಿದ್ದು. ಮುಂದಿನದು?"

"ಐಬು."

ಮುದುಕಿ ಕುರ್ಚಿಯನ್ನು ಮಗಳ ಕಡೆ ತಿರುಗಿಸಿಕೊಂಡಳು. "ನೀನು ಸಣ್ಣೋಳಿದ್ದಾಗ ಪಕ್ಕದ್ಮನೆಯೋರು ನಿನ್ನ ಹೊಸ ಚಪ್ಪಲಿ ಒಂದಿನಕ್ಕೆ ಕೊಡು ಅಂದ್ರು. ಕೊಟ್ಟೆ. ಆ ಬಿಸಿಲಲ್ಲಿ ಬರಿಗಾಲಲ್ಲಿ ಸ್ಕೂಲಿಗೆ ಹೋದೆ. ಆಗಲ್ಲ ಅನ್ನೋಕೆ ನಿನಗೆ ಬಾಯೇ ಬರಲ್ಲ ಮಗಾ. ಅದೇ ನಿನ್ನ ಐಬು."

ಅಕ್ಕ ಓಡಿಹೋಗಿ ಬರೆದಳು. "ಯಾರು ಬಂದು ಏನು ಕೇಳಿದರೂ ಆಗುವುದಿಲ್ಲ ಎನ್ನಲು ನನಗೆ ಬರುವುದಿಲ್ಲ." ಸಾಲಿಗೊಂದು ಸಾಕ್ಷಿ ಬೇಕೆನ್ನುವವಳು ಆ ಸಾಲಿಗೆ ಮಾತ್ರ ಸಾಕ್ಷಿ ಬರೆಯಲಿಲ್ಲ. ನಲವತ್ತು ಸಾಕ್ಷಿಗಳು ಆಗಲೇ ಕಾಲೇಜಿನ ಕಚೇರಿ ತಲುಪಿಯಾಗಿತ್ತು. ಅವಳ ಅರ್ಜಿಗೆ ನಲವತ್ತೊಂದನೇ ಮೊಹರು ಬಿದ್ದಾಗ ಕಚೇರಿ ಮುಚ್ಚಲು ಆರು ನಿಮಿಷವಿತ್ತು.

ಐದು ದಿನ ಬಿಟ್ಟು ಬಂದದ್ದು ಸಂದರ್ಶನದ ಕರೆಯಲ್ಲ. "ನಿಮ್ಮ ಅರ್ಜಿಯು ಇತರ ಅಭ್ಯರ್ಥಿಗಳ ಅರ್ಜಿಗಳಿಂದ ನಕಲು ಮಾಡಿದ್ದೆಂದು ಕಂಡುಬಂದಿರುವುದರಿಂದ ಖುದ್ದಾಗಿ ಹಾಜರಾಗಿ ವಿವರಣೆ ನೀಡುವುದು." ಅಕ್ಕ ಅದನ್ನು ಎರಡು ಸಲ ಓದಿದಳು. ತಾಯಿ ಮೂರು ಸಲ ಓದಿದಳು, ಆಮೇಲೆ ಆ ಕಾಲೇಜನ್ನು ಕಟ್ಟಿಸಿದವರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರಿಗೂ ಕಿಟಕಿಯಿಂದಲೇ ಹಿಡಿಶಾಪ ಹಾಕಿದಳು.

ಅಕ್ಕ ಹೋಗುವಾಗ ಕೈಚೀಲದಲ್ಲಿ ನಲವತ್ತು ಕರಡುಗಳ ಕಟ್ಟು ಇಟ್ಟುಕೊಂಡಳು. ಒಂದೊಂದರ ಮೇಲೂ ಅವಳ ಕೆಂಪು ಪೆನ್ಸಿಲ್, ತಾರೀಖು, ಗಿರಾಕಿ ಬಾಯಿಬಿಟ್ಟು ಹೇಳಿದ ಐಬು. ಯಾರು ಯಾರಿಂದ ನಕಲು ಮಾಡಿದ್ದೆಂದು ತೋರಿಸಲು ಅಷ್ಟು ಸಾಕಾಗಿತ್ತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೂವರಿದ್ದರು. ನಡುವೆ ಪ್ರಿನ್ಸಿಪಾಲರು. ಬಲಗಡೆ ಕಾಲೇಜಿನ ಆಡಳಿತ ಮಂಡಳಿಯ ಸಿಮೆಂಟ್ ಸಾಹುಕಾರರು, ಎಡಗಡೆ ವಾಣಿಜ್ಯ ವಿಭಾಗದ ಮೇಡಂ. ಮೇಡಂ ಎಲ್ಲ ಪತ್ರಗಳ ಮೂರನೇ ಪ್ಯಾರಾಕ್ಕೂ ಸ್ಕೇಲಿಟ್ಟು ಗೆರೆ ಎಳೆದಿದ್ದರು.

"ನೋಡಿ, ನಲವತ್ತೊಂದು ಜನಾನೂ ಮೂರನೇ ಪ್ಯಾರಾದಲ್ಲಿ ತಪ್ಪೊಪ್ಕೊಂಡಿದಾರೆ" ಎಂದರು ಸಾಹುಕಾರರು. "ಒಂದೇ ಬ್ಯಾಚಿನ ಮಾಲು. ಹಾಗಿದ್ಮೇಲೆ ಒಂದು ಅಸಲು, ಮಿಕ್ಕಿದ್ದು ನಕಲು. ಅಸಲು ಯಾವುದು? ಮೊದಲು ಬಂದದ್ದು. ನಕಲು ಯಾವುದು? ಕೊನೆಗೆ ಬಂದದ್ದು. ಕೊನೆಗೆ ಬಂದದ್ದು ನಿಮ್ಮದು."

"ಮಧ್ಯದ ಮೂವತ್ತೊಂಬತ್ತು?" ಎಂದಳು ಅಕ್ಕ, ತಡೆಯಲಾರದೆ.

"ಅವರು ಪ್ರಭಾವಿತರಾದವರು" ಎಂದರು ಮೇಡಂ. "ನಿಯಮದಲ್ಲಿ ಪ್ರಭಾವಕ್ಕೆ ಅಡ್ಡಿ ಇಲ್ಲ."

ಅಕ್ಕನ ಕೈ ಚೀಲದ ಜಿಪ್ಪಿಗೆ ಹೋಯಿತು. ಕಟ್ಟನ್ನು ಮೇಜಿನ ಮೇಲಿಟ್ಟರೆ ಸಾಕು, ಸ್ವಂತ ಮಾತಿನಲ್ಲಿ ಬರೆದವಳು ಅವಳೊಬ್ಬಳೇ ಎಂದು ಕಣ್ಣು ಮುಚ್ಚಿಕೊಂಡವರಿಗೂ ಕಾಣುತ್ತಿತ್ತು. ಉಳಿದ ನಲವತ್ತೂ ಷರತ್ತಿನ ಪ್ರಕಾರ ಆ ಕ್ಷಣವೇ ತಿರಸ್ಕೃತ. ಕೆಲಸ ಅವಳದು. ಕರಿಹಲಗೆ, ನೆಟ್ಟಗೆ ನಿಲ್ಲುವ ಕೋಣೆ, ಎಲ್ಲವೂ ಒಂದು ಜಿಪ್ಪಿನಷ್ಟು ದೂರದಲ್ಲಿತ್ತು.

ಬಾಗಿಲಿನ ಗಾಜಿನಾಚೆ ಕಾರಿಡಾರಿನ ಬೆಂಚುಗಳು ಕಾಣುತ್ತಿದ್ದವು. ನಲವತ್ತು ಜನ ಇಸ್ತ್ರಿ ಬಟ್ಟೆ ತೊಟ್ಟು, ಮಂಡಿಯ ಮೇಲೆ ಫೈಲಿಟ್ಟುಕೊಂಡು ಸಂದರ್ಶನಕ್ಕೆ ಕಾಯುತ್ತಿದ್ದರು. ಹದಿನೇಳನೆಯವನು ತುಟಿ ಅಲ್ಲಾಡಿಸುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದ. ಮೇಸ್ತ್ರಿ ಬೆಂಚಿನ ಉದ್ದವನ್ನು ಗೇಣಿನಲ್ಲಿ ಅಳೆಯುತ್ತಿದ್ದ. ಲಂಬು ಎಲ್ಲಿ ಏನಕ್ಕೆ ಬಡಿಸಿಕೊಂಡಿದ್ದನೋ, ನೆತ್ತಿ ಉಜ್ಜಿಕೊಳ್ಳುತ್ತಿದ್ದ. ಅವರೆಲ್ಲರ ಐಬೂ ಆ ಚೀಲದಲ್ಲಿತ್ತು. ಅವಳನ್ನು ನಂಬಿ, ತಲೆ ತಗ್ಗಿಸಿ ಹೇಳಿದ್ದ ಐಬು. ಅಕ್ಕ ಜಿಪ್ಪನ್ನು ಅರ್ಧ ಎಳೆದಿದ್ದಳು, ಮತ್ತೆ ಹಾಕಿದಳು.

ಈ ಕೋಣೆಯಲ್ಲಿ ಸತ್ಯ ಗೊತ್ತಿದ್ದವರು ಇನ್ನೊಬ್ಬರಿದ್ದರಲ್ಲ. ಮೂರನೇ ಪ್ಯಾರಾ ಎಲ್ಲಿಂದ ಬರುತ್ತದೆಂದು ಪ್ರಿನ್ಸಿಪಾಲರಿಗೆ ಗೊತ್ತಿಲ್ಲವೇ? ಅಕ್ಕ ಅವರ ಕಡೆ ನೋಡಿದಳು. ಪ್ರಿನ್ಸಿಪಾಲರು ಸಾಹುಕಾರರ ಮುಖ ನೋಡಿದರು. ಅಲ್ಲಿ ಏನೂ ಸಿಗದೆ ಮೇಡಂ ಮುಖ ನೋಡಿದರು. ಮೇಡಂ ಸ್ಕೇಲು ನೋಡುತ್ತಿದ್ದರು, ಹಾಗಾಗಿ ಅವರೂ ಸ್ಕೇಲು ನೋಡಿದರು. ತಿದ್ದಿಕೊಳ್ಳುತ್ತಿದ್ದೇನೆ ಎಂದು ಅವರು ತನ್ನ ಕೈಯಿಂದಲೇ ಟೈಪ್ ಮಾಡಿಸಿದ್ದು ಅಕ್ಕನಿಗೆ ನೆನಪಾಯಿತು.

"ಹೇಳೋದೇನಾದ್ರೂ ಇದ್ಯಾ?" ಎಂದರು ಸಾಹುಕಾರರು.

"ಏನಿಲ್ಲ ಸರ್."

ತೀರ್ಮಾನ ಆಗಿಹೋಯಿತು. ನಲವತ್ತೊಂದನೇ ಅರ್ಜಿ ತಿರಸ್ಕೃತ. ಅಸಲು ಯಾವುದೆಂದು ಗೊತ್ತಾದ ಮೇಲೆ ಸಂದರ್ಶನ ಯಾಕೆ ಎಂದು ಸಾಹುಕಾರರು ಕೇಳಿದರು, ಮೇಡಂ ಸಂದರ್ಶನದ ಪಟ್ಟಿ ಮಡಿಸಿಟ್ಟರು. ಹೀಗಾಗಿ ಮಾರ್ಗದರ್ಶಿಯ ಕೆಲಸ ಲಂಬುವಿಗೆ ಬಂತು. ಅಕ್ಕ ಏಳಲು ಹೊರಟಾಗ ಮೇಡಂ ಕೈ ಅಡ್ಡ ಮಾಡಿದರು.

"ಒಂದ್ನಿಮಿಷ. ಆಯ್ಕೆ ಆಗದೇ ಇರೋರಿಗೆ ಪತ್ರ ಕಳಿಸ್ಬೇಕು. ನಲವತ್ತು ಪತ್ರ. ನಿಮ್ಮ ಭಾಷೆ ಚೆನ್ನಾಗಿರುತ್ತೆ ಅಂತಾರೆ. ಬರ್ಕೊಟ್ಬಿಡಿ."

"ನಿಮ್ಮ ಗುಮಾಸ್ತರಿದಾರಲ್ಲ?"

"ಅವನೂ ಅಭ್ಯರ್ಥಿ. ತನ್ನ ತಿರಸ್ಕಾರ ತಾನೇ ಬರೆಯೋ ಹಾಗಿಲ್ಲ."

"ನಾನೂ ಅಭ್ಯರ್ಥಿ ಮೇಡಂ."

"ನಿಮ್ಮದು ಆಗಲೇ ತಿರಸ್ಕಾರ ಆಗಿದೆಯಲ್ಲ" ಎಂದರು ಸಾಹುಕಾರರು. "ನಿಮಗೆ ಅಡ್ಡಿಯಿಲ್ಲ. ನಿಮ್ಮದೂ ಸೇರಿಸಿ ಬರೆದುಬಿಡಿ."

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅಕ್ಕನ ಬಾಯಿಂದ "ಯಾವಾಗ ಬೇಕು?" ಎಂಬ ಮಾತು ಹೊರಬಂತು. ಕೈ ತಾನಾಗಿಯೇ ಕಿವಿಯ ಮೇಲಿನ ಪೆನ್ಸಿಲ್ ತೆಗೆಯಿತು. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಬರೆಯುವವಳಲ್ಲವಲ್ಲ, ಮೊದಲು ಯಾರಿಗೆ ಎಂದು ಯೋಚಿಸಿದಳು. ಹದಿನೇಳನೆಯವನು ಕಣ್ಣ ಮುಂದೆ ಬಂದ. ಅವನ ಅರ್ಧ ಆಯುಷ್ಯವನ್ನು ಕೆದಕಿ ತೆಗೆದು, ನೀನು ಬೇಕಾದವನು ಕಣೋ ಎಂದು ಎರಡೆರಡು ಸಲ ಬರೆದುಕೊಟ್ಟಿದ್ದಳು. ಈಗ ಅದೇ ಕೈಯಿಂದ ಅವನಿಗೆ ನೀನು ಬೇಡ ಎಂದು ಬರೆಯಬೇಕು. ಪೆನ್ಸಿಲ್ ಹಾಳೆಯ ಮೇಲೆ ನಿಂತಿತು. ಮುಂದಕ್ಕೆ ಹೋಗಲಿಲ್ಲ.

"ಆಗಲ್ಲ" ಎಂದಳು ಅಕ್ಕ.

ಯಾರೋ ಬೇರೆಯವರು ಹೇಳಿದರೇನೋ ಎಂದು ಅವಳೇ ಒಮ್ಮೆ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಹೌದೋ ಅಲ್ಲವೋ ನೋಡೋಣವೆಂದು ಇನ್ನೊಂದು ಸಲ ಹೇಳಿದಳು. "ಆಗಲ್ಲ." ಐವತ್ತೊಂದು ವರ್ಷ ಗಂಟಲಲ್ಲಿ ಕೂತಿದ್ದ ಮಾತು, ಆಚೆ ಬಂದ ಮೇಲೆ ಎಷ್ಟು ಹಗುರವಾಗಿತ್ತು! ಕಣ್ಣಲ್ಲಿ ನೀರು ಬಂತು. ಆಮೇಲೆ ಇನ್ನೊಂದು ಯೋಚನೆ ಹೊಳೆದು ಅವಳ ಮುಖ ಗಂಭೀರವಾಯಿತು.

"ನನ್ನ ಅರ್ಜಿ ವಾಪಸ್ ಕೊಡಿ."

"ಯಾಕೆ?"

"ಅದರ ಮೂರನೇ ಪ್ಯಾರಾ ಈಗ ಸುಳ್ಳಾಯ್ತು. ಆಗಲ್ಲ ಅನ್ನೋಕೆ ಬರಲ್ಲ ಅಂತ ಬರೆದಿದೀನಿ. ಈಗ ಎರಡು ಸಲ ಅಂದೆ. ಸುಳ್ಳಿರೋ ಅರ್ಜಿ ನನ್ನ ಕೈಯಿಂದ ಇವತ್ತಿನವರೆಗೆ ಎಲ್ಲಿಗೂ ಹೋಗಿಲ್ಲ."

"ತಿರಸ್ಕಾರ ಆದ ಅರ್ಜಿ ವಾಪಸ್ ತಗೊಳ್ಳೋಕಾಗಲ್ಲ" ಎಂದರು ಸಾಹುಕಾರರು.

"ವಾಪಸ್ ತಗೊಂಡ ಅರ್ಜಿ ತಿರಸ್ಕಾರ ಮಾಡೋಕಾಗಲ್ಲ" ಎಂದರು ಮೇಡಂ. "ತಿರಸ್ಕರಿಸಲು ನಕಲೇ ಇಲ್ಲ ಅಂದ್ಮೇಲೆ ಅಸಲೂ ಇಲ್ಲ. ಎಲ್ಲಾ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ."

ಇಬ್ಬರೂ ಪ್ರಿನ್ಸಿಪಾಲರ ಕಡೆ ತಿರುಗಿದರು. ಪ್ರಿನ್ಸಿಪಾಲರು ಒಂದು ಮುಖ ನೋಡಿದರು, ಇನ್ನೊಂದು ಮುಖ ನೋಡಿದರು. ಎರಡೂ ಅವರನ್ನೇ ನೋಡುತ್ತಿದ್ದವು.

"ಸರ್" ಎಂದಳು ಅಕ್ಕ ಮೆಲ್ಲಗೆ, "ನಂದು ಸುಳ್ಳಾಯ್ತು. ನಿಮ್ದು ಇನ್ನೂ ನಿಜವಾಗೇ ಇದೆ."

ಆ ಮಾತು ಉಳಿದಿಬ್ಬರಿಗೆ ಅರ್ಥವಾಗಲಿಲ್ಲ. ಪ್ರಿನ್ಸಿಪಾಲರ ಕಿವಿ ಕೆಂಪಗಾಯಿತು. ಅವರು ಕಟ್ಟಿನ ಅಡಿಯಿಂದ ನಲವತ್ತೊಂದನೇ ಅರ್ಜಿಯನ್ನು ಎಳೆದರು, ಯಾರ ಮುಖವನ್ನೂ ನೋಡದೆ ಎದ್ದು ಬಂದು ಅಕ್ಕನ ಕೈಯಲ್ಲಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಅವರು ಸ್ವಂತವಾಗಿ ಮಾಡಿದ ಮೊದಲ ತೀರ್ಮಾನ ಅದು. ಅದಾದ ಮೇಲೆ ಅವರಿಗೆ ಎಷ್ಟು ಸುಸ್ತಾಯಿತೆಂದರೆ, ಎಲ್ಲವನ್ನೂ ಮೊದಲಿಂದ ಶುರು ಮಾಡಲು ತ್ರಾಣವಿಲ್ಲದೆ ಲಂಬುವಿನ ನೇಮಕದ ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋಗಿ ಮಲಗಿದರು.

ತಿಂಗಳ ಕೊನೆಗೆ ಮೆಟ್ಟಿಲಿನ ಮೂಲೆ ಖಾಲಿಯಾಯಿತು. ಅಕ್ಕ ಮೇಜನ್ನು ಮನೆಯ ಕಿಟಕಿಯೊಳಗೆ ಹಾಕಿಕೊಂಡಳು, ಸ್ಟೂಲನ್ನು ಕಿಟಕಿಯ ಹೊರಗೆ ಬೀದಿಯ ಕಡೆ ಇಟ್ಟಳು. ಎರಡು ದಿನ ಯಾರೂ ಬರಲಿಲ್ಲ. ಅವಳು ಖಾಲಿ ಸ್ಟೂಲನ್ನು ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ನೋಡಿ ತಾಯಿ ಬೈಯುವುದನ್ನೇ ಬಿಟ್ಟಿದ್ದಳು.

ಮೂರನೇ ದಿನ ಬೆಳಿಗ್ಗೆ ಗಲ್ಲಿಯಲ್ಲಿ ಗದ್ದಲ ಕೇಳಿಸಿತು. ಮುಂದೆ ಲಂಬು, ಅವನ ಹಿಂದೆ ಕೊನೆಯ ವರ್ಷದ ಇಡೀ ತರಗತಿ. ಲಂಬುವಿನ ಕೊರಳಲ್ಲಿ ಉದ್ಯೋಗ ಮಾರ್ಗದರ್ಶಿ ಎಂಬ ಬಿಲ್ಲೆ ನೇತಾಡುತ್ತಿತ್ತು. ಅವನು ಸ್ಟೂಲಿನ ಮೇಲೆ ಕೂತ. ಮೇಲೆ ಮೆಟ್ಟಿಲಿಲ್ಲದಿದ್ದರೂ ಅಭ್ಯಾಸಬಲದಿಂದ ತಲೆ ತಗ್ಗಿಸಿಯೇ ಕೂತ.

"ಅಕ್ಕ, ಇವರಿಗೆಲ್ಲ ಲೆಟರ್ ಬರ್ಕೊಡಿ ಅಕ್ಕ."

"ಆಗಲ್ಲ" ಎಂದಳು ಅಕ್ಕ. ಈ ಸಲ ಅದು ತಾನಾಗಿಯೇ ಬಂತು. ತಾಯಿ ಕುರ್ಚಿಯಲ್ಲಿ ಬೆಚ್ಚಿ ಮಗಳ ಕಡೆ ನೋಡಿದಳು.

ಲಂಬು ಕಿಟಕಿಯ ಸರಳು ಹಿಡಿದು ಮುಖ ಹತ್ತಿರ ತಂದ. ಹಿಂದಿನವರಿಗೆ ಕೇಳಿಸದ ಹಾಗೆ, "ನಾಲ್ಕು ದಿನದಿಂದ ಬೋರ್ಡಿನ ಮುಂದೆ ಸುಮ್ಮನೆ ನಿಂತಿದೀನಿ. ನಾನು ಕಲಿಸ್ಬೇಕಂತೆ. ನನಗೇ ಬರೆಯೋಕೆ ಬರಲ್ವಲ್ಲ ಅಕ್ಕ" ಎಂದ.

ಅಕ್ಕ ಎದ್ದಳು. ಬಾಗಿಲು ತೆಗೆದು ಬೀದಿಗೆ ಬಂದಳು. ಲಂಬುವನ್ನೂ ಅವನ ಹಿಂದಿನ ಅಷ್ಟೂ ಮುಖಗಳನ್ನೂ ಒಮ್ಮೆ ನೋಡಿದಳು. ಒಂದು ಹಾಳೆಯನ್ನೂ ಕಿವಿಯ ಮೇಲಿನ ಕೆಂಪು ಪೆನ್ಸಿಲನ್ನೂ ತೆಗೆದು ಅವನ ಕೈಯಲ್ಲಿಟ್ಟಳು, ಬೆನ್ನು ನೆಟ್ಟಗೆ ಮಾಡಿಕೊಂಡು ಎಲ್ಲರ ಮುಂದೆ ನಿಂತಳು.

"ಈಗ ಹೇಳಿದೆಯಲ್ಲ, ಅದು ಮೂರನೇ ಪ್ಯಾರಾ" ಎಂದಳು. "ಬರಿ."